ಹೆಸರಿನ ಗುಳಿ

ನಮ್ಮೂರಿನಲ್ಲಿ ಮಾತು ಕೇರಿಯ ತುದಿ ದಾಟುವುದಿಲ್ಲ. ಸುಣ್ಣದ ಕೇರಿಯ ಗಡಿಕಲ್ಲಿನ ಹತ್ತಿರ ನಿಂತು ನೀವು ಎಷ್ಟೇ ಗಂಟಲು ಹರಿದುಕೊಳ್ಳಿ, ಎದುರಿನ ಉಪ್ಪಿನ ಕೇರಿಯವನಿಗೆ ಕಾಣುವುದು ನಿಮ್ಮ ತೆರೆದ ಬಾಯಿ ಮಾತ್ರ. ಅಲ್ಲಿಯ ನಾಯಿ ಬೊಗಳಿದರೆ ನಮಗೆ ಆಕಳಿಸಿದಂತೆ ಕಾಣುತ್ತದೆ. ಮದುವೆಯ ದಿಬ್ಬಣ ಬಂದಾಗ ವಾಲಗದವರು ಕಲ್ಲಿನ ಬಳಿ ನಿಂತು, ಎಲ್ಲರೂ ಈಚೆ ಬಂದಮೇಲೆಯೇ ಮತ್ತೆ ಊದಲು ಶುರುಮಾಡುತ್ತಾರೆ. ಇಲ್ಲದಿದ್ದರೆ ಡೋಲು ಆಚೆ ಉಳಿದು ತಾಳ ಕೆಡುತ್ತದೆ. ಸೊಪ್ಪು ಮಾರುವವಳು ಕೇರಿ ಬದಲಾದಾಗಲೆಲ್ಲ ಕೂಗನ್ನು ಮೊದಲಿನಿಂದ ಎತ್ತಿಕೊಳ್ಳುತ್ತಾಳೆ. ಹುಟ್ಟಿದಾಗಿನಿಂದ ಹೀಗೇ ಇರುವುದರಿಂದ ಇದು ನಮಗೆ ವಿಶೇಷವಲ್ಲ. ಬೆಂಕಿ ಬಿದ್ದರೆ ನಾವು ಕೂಗುವುದಿಲ್ಲ, ಓಡುತ್ತೇವೆ.

ಓಡುವಷ್ಟು ಪುರುಸೊತ್ತಿಲ್ಲದವರಿಗೆ ಸ್ವಿಚ್ಚು ಇದೆ. ಹೊರಊರಿನ ಕಂಪನಿಯೊಂದರಿಂದ ತರಿಸಿದ, ಬೀರುವಿನಷ್ಟು ಎತ್ತರದ ಕಬ್ಬಿಣದ ಪೆಟ್ಟಿಗೆ ಅದು. ಸಭೆಯ ಬೀದಿಯ ತಂತಿಮನೆಯಲ್ಲಿದೆ. ಅಲ್ಲಿಂದ ಪ್ರತಿ ಕೇರಿಗೂ ಒಂದು ತಂತಿ, ತಂತಿಯ ತುದಿಯಲ್ಲಿ ಗೋಡೆಗೆ ಬಡಿದ ಒಂದು ಹಿತ್ತಾಳೆ ಕೊಳವೆ. ಮಾತಾಡುವುದೂ ಕೇಳುವುದೂ ಅದರಲ್ಲೇ ಆದರೂ ನಾವು ಅದನ್ನು ಬಾಯಿ ಎನ್ನುತ್ತೇವೆ. ಬಾಯಿಯ ಮುಂದೆ ನಿಂತು ಮೊದಲು ನಿಮ್ಮ ಹೆಸರು ಹೇಳಬೇಕು, ಆಮೇಲೆ ಬೇಕಾದ ಕೇರಿಯ ಹೆಸರು, ಆಮೇಲೆ ಮಾತು. ತಂತಿಯೊಳಗೆ ಹೋದಮೇಲೆ ಗಂಡಸು ಹೆಂಗಸು, ಮುದುಕಿ ಮಗು, ಎಲ್ಲರ ದನಿಯೂ ಒಂದೇ. ತಗಡು ಉಜ್ಜಿದ ಹಾಗೆ. ಕೆರೆಯ ತೂಬು, ಸಂತೆಯ ಗೇಟು, ಬೀದಿದೀಪಗಳನ್ನೂ ಊರಾಳುವ ಸಭೆಯವರು ಇದೇ ಪೆಟ್ಟಿಗೆಗೆ ಕಟ್ಟಿಸಿದ್ದರು. ಅವುಗಳಿಗೆ ಅಪ್ಪಣೆ ಕೊಡುವ ಅಧಿಕಾರ ತಂತಿಮನೆಯ ಮೇಲ್ವಿಚಾರಕ ಪದ್ಮನಾಭಯ್ಯನಿಗೆ ಮಾತ್ರ. ಹಾಗೆಂದು ನಮಗೆ ಹೇಳಿದ್ದರು.

ಪೆಟ್ಟಿಗೆಗೂ ನಮಗೂ ಮೊದಲ ದಿನದಿಂದಲೇ ಆಗಿಬರಲಿಲ್ಲ. ಕಾರಣ ನಮ್ಮ ಹೆಸರು. ಸುಣ್ಣದ ಕೇರಿಯಲ್ಲಿ ಒಬ್ಬರ ಹೆಸರು ಒಬ್ಬರದೇ ಅಲ್ಲ. ಸುಣ್ಣ ಸುಡುವ ಕೆಲಸದಲ್ಲಿ ಸತ್ತವರಿಗೆ ಊರು ಒಂದು ಹಿಡಿ ಜಾಗ ಕೊಟ್ಟದ್ದಿಲ್ಲ, ಒಂದು ಕಲ್ಲು ನೆಟ್ಟದ್ದಿಲ್ಲ. ಊರಿನ ಗೋಡೆಗಳನ್ನೆಲ್ಲ ಬೆಳ್ಳಗೆ ಮಾಡಿ ಹೋದ ಹೆಂಗಸರು ಎಲ್ಲಿ ಮಲಗಿದ್ದಾರೆಂದು ತೋರಿಸಲು ನಮಗೆ ಒಂದು ಗುರುತೂ ಇಲ್ಲ. ಅದಕ್ಕೇ ನಾವು ಅವರನ್ನು ಹೆಸರಿನಲ್ಲಿ ಹೊರುತ್ತೇವೆ. ಹೆಣ್ಣಿರಲಿ ಗಂಡಿರಲಿ, ಮನೆತನದ ಮೊದಲ ಅಜ್ಜಿಯಿಂದ ಶುರುಮಾಡಿ ತೀರಿಹೋದ ತಾಯಂದಿರನ್ನೆಲ್ಲ ಹೇಳಿ ಕೊನೆಗೆ ತನ್ನದನ್ನು ಸೇರಿಸಬೇಕು. ನಾನು ದೇವೀರಿ. ಆದರೆ ಯಾರಾದರೂ ಹೆಸರು ಕೇಳಿದರೆ ನಾನು ಹೇಳುವುದು ಹೀಗೆ: ಸುಣ್ಣದ ಕೇರಿಯ ಹಲಗಿ, ಹಲಗಿಯ ಮಗಳು ತಿಮ್ಮಿ, ತಿಮ್ಮಿಯ ಮಗಳು ಮುದ್ದಾಜಿ, ಮುದ್ದಾಜಿಯ ಮನೆಯ ಸಾಕಿ, ಸಾಕಿಯ ಮಗಳು ದೇವೀರಿ. ಮುದ್ದಾಜಿಗೂ ನನ್ನವ್ವ ಸಾಕಿಗೂ ನಡುವೆ ನನ್ನ ಅಜ್ಜಿ ಬೋರಾಜಿ ಇದ್ದಾಳೆ. ಅವಳನ್ನು ಹೇಳುವುದಿಲ್ಲ, ಯಾಕೆಂದರೆ ಅವಳು ಬದುಕಿದ್ದಾಳೆ. ಬದುಕಿರುವವಳನ್ನು ಹೆಸರಿನ ಸಾಲಿಗೆ ಕಟ್ಟಿದರೆ ಅವಳಿಗೆ ಚಟ್ಟ ಕಟ್ಟಿದ ಹಾಗೆ. ನಮ್ಮ ಕೇರಿಯ ಮೂರು ವರ್ಷದ ಕೂಸೂ ಆ ತಪ್ಪು ಮಾಡುವುದಿಲ್ಲ.

ಇಂಥ ಹೆಸರನ್ನು ಬಾಯಿಯಲ್ಲಿ ಹೇಳಿದಾಗಲೆಲ್ಲ ಸ್ವಿಚ್ಚು ಮೂಕಾಗುತ್ತಿತ್ತು. ನಮ್ಮ ಕೇರಿಗೆ ಮಾತ್ರವಲ್ಲ, ಇಡೀ ಊರಿಗೆ. ಜವಳಿ ಬೀದಿಯಲ್ಲಿ ವ್ಯಾಪಾರ ಕುದುರುವ ಹೊತ್ತಿಗೆ ಮಾತು ಕತ್ತರಿಸಿ ಹೋಗುತ್ತಿತ್ತು. ಪದ್ಮನಾಭಯ್ಯ ಪೆಟ್ಟಿಗೆಯನ್ನು ಮತ್ತೆ ಎಬ್ಬಿಸಿ, ಮೊದಲ ಕೆಲಸವಾಗಿ ನಮ್ಮ ಬಾಯಿಯಲ್ಲಿ ಬೈಯುತ್ತಿದ್ದ. "ಯಾರ್ರೀ ಅದು? ಹೆಸರು ಕೇಳಿದ್ರೆ ಹರಿಕಥೆ ಶುರು ಮಾಡ್ತೀರಲ್ಲ!"

ನಮ್ಮ ಗುರುಸಿದ್ದ ಬಿಡುವ ಆಸಾಮಿಯಲ್ಲ. ಸುಣ್ಣದ ಗೂಡಿಗೆ ಬೆಂಕಿ ಹಾಕುವ ಕೆಲಸ ಅವನದು, ಮಾತೂ ಹಾಗೇ. "ಬುದ್ಧಿ, ನಿಮ್ಮ ಪೆಟ್ಟಿಗೆಗೆ ಅಜೀರ್ಣ. ಒಂದಿಷ್ಟು ಓಂಕಾಳಿನ ಕಷಾಯ ಕುಡಿಸಿ" ಎನ್ನುತ್ತಿದ್ದ. ಕೇರಿಯವರೆಲ್ಲ ನಗುತ್ತಿದ್ದೆವು. ಕ್ರಮೇಣ ನಮ್ಮಲ್ಲೇ ಕೆಲವರು ಬಾಯಿಯ ಮುಂದೆ ನಿಂತಾಗ ಬರೀ ತಮ್ಮ ಹೆಸರು ಹೇಳಿ ಕೆಲಸ ಮುಗಿಸತೊಡಗಿದರು. ಹಾಗೆ ಹೇಳಿ ಮನೆಗೆ ಬಂದವರ ಮುಖ ಕದ್ದು ತಿಂದವರ ಮುಖದಂತಿರುತ್ತಿತ್ತು.

ಮೂಕಾಗುವುದು ಏಕೆಂದು ನನಗೆ ಗೊತ್ತಾದದ್ದು ಕಂಪನಿಯಿಂದ ಬಂದ ಇಂಜಿನಿಯರಮ್ಮ ಮಂದಾಕಿನಿಯಿಂದ. ಸಭೆಯವರು ದೂರು ಕೊಟ್ಟಿದ್ದಕ್ಕೆ ಬಂದಿದ್ದಳು. ನಮ್ಮ ಬಾಯಿಯನ್ನು ಬಿಚ್ಚಿ ನೋಡಿ, ಬಿಸಿಲಿಗೆ ಸೋತು ನಮ್ಮ ಜಗುಲಿಯಲ್ಲಿ ಕುಳಿತು ಮಜ್ಜಿಗೆ ಕುಡಿದಳು. ಅಜ್ಜಿ ಬೋರಾಜಿಯೂ ಅವಳ ಕಿರಿಮಗಳು, ನನ್ನ ಚಿಕ್ಕವ್ವ ನಿಂಗಾಜಿಯ ಮಗಳು ಮಲ್ಲಾಜಿಯೂ ಅಲ್ಲೇ ಹುಣಿಸೆಬೀಜ ಹಿಡಿದು ಅಳಗುಳಿಮಣೆ ಆಡುತ್ತಿದ್ದರು. ಮಂದಾಕಿನಿ ಮಣೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಈ ಗುಳಿ ಹೆಸರಿಗೆ. ಇದರ ಪಕ್ಕದ್ದು ಅಪ್ಪಣೆಗೆ. ಪೆಟ್ಟಿಗೆ ಮುಂದೇನು ಮಾಡ್ಬೇಕು ಅನ್ನೋದು ಇದರಲ್ಲಿರುತ್ತೆ. ಈಗ ನೋಡಿ." ಅವಳು ಮೊದಲ ಗುಳಿಗೆ ಬೀಜ ಸುರಿದಳು, ಅದು ತುಂಬಿದಮೇಲೂ ಸುರಿದಳು. ಬೀಜಗಳು ಉರುಳಿ ಪಕ್ಕದ ಗುಳಿಗೆ ಬಿದ್ದವು. "ತುಂಬಿತು, ಸಾಕು ಅಂತ ನಿಲ್ಲಿಸೋ ಬುದ್ಧಿ ಈ ಪೆಟ್ಟಿಗೆಗಿಲ್ಲ. ನಮ್ಮವರು ಬರೆಯೋವಾಗ ಆ ಕಾವಲು ಇಡಲಿಲ್ಲ. ಅಪ್ಪಣೆ ಗುಳೀಲಿ ಕೊನೆಗೆ ಏನು ಬಿತ್ತೋ ಅದನ್ನೇ ಅಪ್ಪಣೆ ಅಂದ್ಕೊಳ್ಳುತ್ತೆ. ಅರ್ಥ ಆಗದೇ ಇದ್ರೆ ಮೂಕಾಗುತ್ತೆ."

"ಅರ್ಥ ಆದ್ರೆ?" ಎಂದಳು ಮಲ್ಲಾಜಿ. ಹತ್ತೊಂಬತ್ತು ತುಂಬಿದ್ದ ಹುಡುಗಿ, ಯಾವುದನ್ನೂ ಅರ್ಧಕ್ಕೆ ಬಿಡುವವಳಲ್ಲ.

ಮಂದಾಕಿನಿ ಉರುಳಿದ ಬೀಜಗಳನ್ನು ಒಂದೊಂದಾಗಿ ಹೆಕ್ಕಿದಳು. "ಅರ್ಥ ಆದ್ರೆ ಮಾಡುತ್ತೆ. ಹೇಳಿದ್ಯಾರು ಅಂತ ಕೇಳಲ್ಲ. ಅದೇ ಭಯ. ಸರಿ ಮಾಡೋದನ್ನ ತಂದಿದೀನಿ. ಒಂದು ದಿನ ಪೆಟ್ಟಿಗೆ ನಿಲ್ಲಿಸಬೇಕು ಅಷ್ಟೆ. ನಿಮ್ಮ ಸಭೆಯವರು ಈಗ ಬೇಡ, ಮದುವೆ ಕಾಲ, ವ್ಯಾಪಾರ ಕೆಡುತ್ತೆ ಅಂದ್ರು."

"ಅಂದ್ರೆ ತಪ್ಪು ನಮ್ಮ ಹೆಸರಿನದ್ದಲ್ಲ?" ಎಂದೆ ನಾನು.

"ನಿಮ್ಮ ಹೆಸರು ಎಷ್ಟುದ್ದ ಇದ್ರೂ ನಿಮ್ಮಿಷ್ಟ ಅಲ್ವೇನ್ರಿ?" ಎಂದು ಅವಳು ಲೋಟ ಕೆಳಗಿಟ್ಟಳು. ಹೋಗುವಾಗ ಗಡಿಕಲ್ಲಿನ ಆಚೆ ನಿಂತು ಏನೋ ಹೇಳಿದಳು. ತುಟಿ ಆಡಿದ್ದು ಮಾತ್ರ ಕಂಡಿತು. ಹೊರಊರಿನವರು ಆ ಕಲ್ಲನ್ನು ಮರೆಯುತ್ತಾರೆ.

ಮದುವೆ ಕಾಲ ಮುಗಿಯಿತು. ಸುಗ್ಗಿ ಬಂತು, ಹೋಯಿತು. ಪೆಟ್ಟಿಗೆ ನಿಲ್ಲಲಿಲ್ಲ. ಅದರ ಬದಲು ಪದ್ಮನಾಭಯ್ಯ ನಮ್ಮ ಕೇರಿಗೆ ಬಂದ. ತೀರ ನಯವಾಗಿ ಬಂದ. ಬೈಯುತ್ತಿದ್ದವನು ಒಮ್ಮೆಲೇ ಅಕ್ಕ, ತಾಯಿ ಎನ್ನತೊಡಗಿದರೆ ನನಗೆ ಮೈಯೆಲ್ಲ ಕಣ್ಣಾಗುತ್ತದೆ. ಮನೆಮನೆಯ ಜಗುಲಿಯ ಮೇಲೆ ಕುಳಿತು, "ನಿಮ್ಮ ಹೆಸರನ್ನ ಪೆಟ್ಟಿಗೆಗೆ ಅಭ್ಯಾಸ ಮಾಡಿಸ್ಬೇಕು ತಾಯಿ, ಇನ್ಮೇಲೆ ನಿಮಗೆ ತೊಂದ್ರೆ ಇರಲ್ಲ. ನಿಮ್ಮಮ್ಮನ ಹೆಸರೇನು? ಅವರಮ್ಮ?" ಎಂದು ಒಬ್ಬೊಬ್ಬರನ್ನೂ ಕೇಳಿದ. ನಮ್ಮವರು ಕೇಳಿದ್ದಕ್ಕೆ ಉತ್ತರ ಕೊಟ್ಟರು. ತಾಯಿ ಯಾರೆಂದರೆ ತಾಯಿಯ ಹೆಸರು ಹೇಳಿದರು, ಬದುಕಿರಲಿ ಸತ್ತಿರಲಿ. ಅವನಿಗೆ ನೆನಪಿನ ಶಕ್ತಿ ಚೆನ್ನಾಗಿತ್ತು. ಹೋಗುವ ಮೊದಲು ನಮ್ಮ ಗೂಡುಗಳಿದ್ದ ಅಂಗಳವನ್ನು ಒಂದು ಸುತ್ತು ಹಾಕಿ, "ಕೆರೆ ಏರಿಯ ಕೆಳಗೇ ಇದೆಯಲ್ಲ, ಎಂಥ ಒಳ್ಳೆ ಜಾಗ" ಎಂದ.

ಆ ಜಾಗದ ಮೇಲೆ ಸಭೆಗೆ ಕಣ್ಣಿದೆಯೆಂದು ಊರಿಗೆಲ್ಲ ಗೊತ್ತಿತ್ತು. ಅಧ್ಯಕ್ಷ ನರಸಪ್ಪನವರು ಅಲ್ಲಿ ಉದ್ಯಾನ ಮಾಡಿಸುವ ಮಾತನ್ನು ಎರಡು ಸಲ ಎತ್ತಿದ್ದರು. ಎರಡು ಸಲವೂ ನಮ್ಮ ಹೆಂಗಸರು ಸಭೆಯ ಮುಂದೆ ಕುಳಿತು ಅದನ್ನು ಕೈಬಿಡಿಸಿದ್ದರು. "ಹೂವಿನ ತೋಟ ಬೇಕಂತೆ ಅಯ್ನೋರ್ಗೆ" ಎಂದು ಬೋರಾಜಿ ಅಧ್ಯಕ್ಷರ ಮುಖಕ್ಕೇ ಹೇಳಿದ್ದಳು. "ನಮ್ಮ ಸುಣ್ಣ ಇಲ್ದೆ ನಿಮ್ಮ ಎಲೆ ಅಡಿಕೆಗೆ ರುಚಿ ಎಲ್ಲಿಂದ ಬಂದಾತು? ಹೂವ ಮೆಲ್ಲಿ, ಹೋಗಿ."

ಪದ್ಮನಾಭಯ್ಯ ಬಂದುಹೋದ ಸ್ವಲ್ಪ ದಿನಕ್ಕೆ ಅದು ನಡೆಯಿತು.

ದೊಡ್ಡ ಗೂಡನ್ನು ಅಂದು ಬೆಳಗ್ಗೆ ಬಿಚ್ಚಿದ್ದೆವು. ಸುಟ್ಟ ಸುಣ್ಣದ ಕಲ್ಲು ಅಂಗಳದ ತುಂಬ ರಾಶಿರಾಶಿಯಾಗಿ ಬಿದ್ದಿತ್ತು. ಅಂಥ ಕಲ್ಲನ್ನು ಅರಳಿಸುವಾಗ ನಾವು ನೀರನ್ನು ಚಿಮುಕಿಸಿ ಚಿಮುಕಿಸಿ ಹಾಕುತ್ತೇವೆ, ದೂರ ನಿಂತು, ಕಣ್ಣಿಗೆ ಬಟ್ಟೆ ಅಡ್ಡ ಹಿಡಿದು. ಒಂದು ಕೊಡ ಒಮ್ಮೆಲೇ ಸುರಿದರೂ ಅದು ಕುದಿದು ಸಿಡಿಯುತ್ತದೆ. ಮಧ್ಯಾಹ್ನ ಊಟಕ್ಕೆಂದು ಎಲ್ಲರೂ ಮನೆಗೆ ಹೋದೆವು. ರಾಶಿಗಳಿಗೆ ಗೋಣಿ ಹೊದಿಸುವ ಸರದಿ ಮಲ್ಲಾಜಿಯದು. ಹೊದಿಸಿ ಬರುತ್ತೇನೆಂದು ಅವಳು ಉಳಿದಳು. ನಿಂಗಾಜಿ ಚಿಕ್ಕವ್ವ ಮನೆಗೆ ಬರುವ ದಾರಿಯಲ್ಲಿ ಕೇರಿಯ ಬಾಯಿಯ ಮುಂದೆ ನಿಂತು, ತನ್ನ ಹೆಸರನ್ನು ಪೂರ್ತಿ ಹೇಳಿ, ಬಳೆಗಾರ ಕೇರಿಯನ್ನು ಕೇಳಿದಳು. ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಹಸಿರು ಬಳೆ ತರಲು ಹೇಳಬೇಕಾಗಿತ್ತು. ಸ್ವಿಚ್ಚು ಮೂಕಾಯಿತು. ಚಿಕ್ಕವ್ವ ಕೊಳವೆಗೆ ಒಂದು ಏಟು ಕೊಟ್ಟು ಮನೆಗೆ ಬಂದು ತಟ್ಟೆಯ ಮುಂದೆ ಕುಳಿತಳು.

ನಾವಿನ್ನೂ ಕೈ ತೊಳೆದಿರಲಿಲ್ಲ, ಕೆರೆಯ ತೂಬು ಎದ್ದಿತು. ಕಾಲುವೆಯ ದಾರಿಗಲ್ಲ, ನಮ್ಮ ಅಂಗಳದ ಕಡೆಯ ಹಳೆಯ ದಾರಿಗೆ. ಮೊದಲು ಕೇಳಿಸಿದ್ದು ನೀರಿನ ಸದ್ದು, ಆಮೇಲೆ ಸುಣ್ಣದ ಸದ್ದು. ಅದನ್ನು ನಾನು ಬರೆಯುವುದಿಲ್ಲ. ಮುಗಿಲೆತ್ತರ ಬಿಳಿ ಆವಿ ಎದ್ದದ್ದನ್ನು ಊರಿಗೆ ಊರೇ ನೋಡಿತು. ಸದ್ದನ್ನು ಮಾತ್ರ ನಾವು ಒಂದೇ ಕೇರಿಯವರು ಕೇಳಿದೆವು. ಮಲ್ಲಾಜಿಯನ್ನು ಗೋಣಿಯಲ್ಲಿ ಸುತ್ತಿಯೇ ಮಣ್ಣುಮಾಡಬೇಕಾಯಿತು.

ಮಾರನೆಯ ಬೆಳಗ್ಗೆ, ಮಣ್ಣುಮಾಡಿ ಬಂದವರ ತಲೆಯ ನೀರು ಆರುವ ಮೊದಲೇ, ಎಲ್ಲ ಕೇರಿಗಳ ಬಾಯಿಗಳೂ ಒಟ್ಟಿಗೆ ತೆರೆದುಕೊಂಡವು. ಸಭೆಯ ಪ್ರಕಟಣೆ. ದುರ್ಘಟನೆಗೆ ಸಭೆ ವಿಷಾದಿಸುತ್ತದೆ. ನಿಂಗಾಜಿ ಎಂಬ ಹೆಂಗಸಿನ ಅತಿ ಉದ್ದದ ಹೆಸರಿನಿಂದ ಸ್ವಿಚ್ಚು ಕೆಟ್ಟು ತೂಬು ಎದ್ದಿದೆ. ಪೆಟ್ಟಿಗೆಯೊಳಗೆ ಉಳಿದಿರುವ ಕೊನೆಯ ಮಾತನ್ನು ಸಾಕ್ಷಿಯಾಗಿ ಕೇಳಿಸಲಾಗುವುದು. ಆಮೇಲೆ ಆ ತಗಡಿನ ದನಿ ಬಂತು: "ಸುಣ್ಣದ ಕೇರಿಯ ಹಲಗಿ, ಹಲಗಿಯ ಮಗಳು ತಿಮ್ಮಿ, ತಿಮ್ಮಿಯ ಮಗಳು ಮುದ್ದಾಜಿ, ಮುದ್ದಾಜಿಯ ಮಗಳು ಬೋರಾಜಿ, ಬೋರಾಜಿಯ ಮಗಳು ನಿಂಗಾಜಿ. ಹಳೇ ದಾರಿಗೆ ತೂಬು ಎತ್ತು."

ಬೋರಾಜಿ ಗೋಡೆಗೊರಗಿ ಕುಳಿತಿದ್ದಳು. ಕಣ್ಣು ಒರೆಸಿಕೊಳ್ಳುತ್ತಿದ್ದ ಸೆರಗು ಅಲ್ಲೇ ನಿಂತಿತು. "ನಾನ್ ಯಾವಾಗ ಸತ್ತೆ, ದೇವೀರಿ?" ಎಂದಳು ಮೆಲ್ಲಗೆ.

ನಾನು ಚಿಕ್ಕವ್ವನ ಹತ್ತಿರ ಹೋಗಿ ಕುಳಿತೆ. "ಚಿಕ್ಕವ್ವ, ನೀನು ಅಜ್ಜಿ ಹೆಸರು ಸೇರಿಸಿದ್ಯಾ?"

"ಗೊತ್ತಿಲ್ಲ ಕಣೆ."

"ಎಂದಾದ್ರೂ ಸೇರಿಸಿದ್ದುಂಟಾ? ತೂಬು ಎತ್ತು ಅಂತ ನೀನು ಯಾಕಂತೀಯ?"

"ಬುಡೆ ನನ್ನ. ಹೆಸರು ಹೇಳ್ದೆ, ಪೆಟ್ಟಿಗೆ ಕೆಡ್ತು, ನೀರು ಬಂತು. ಇನ್ನೇನು ಬೇಕು? ನನ್ನ ಹೆಸರೇ ನನ್ನ ಮಗೀನ ತಿಂತು." ಅಂದಿನಿಂದ ಅವಳು ತನ್ನ ಹೆಸರು ಹೇಳುವುದನ್ನು ಬಿಟ್ಟಳು. ಯಾರಾದರೂ ನಿಂಗಾಜಿ ಎಂದು ಕರೆದರೂ ಓಗೊಡುತ್ತಿರಲಿಲ್ಲ.

ಹೊಡೆತ ಬಿದ್ದ ಜಾಗಕ್ಕೇ ಮತ್ತೆ ಹೊಡೆಯುವುದು ಸಭೆಗೆ ಚೆನ್ನಾಗಿ ಗೊತ್ತಿತ್ತು. ವಿಚಾರಣೆಗೆ ಬಂದು ನಿಂಗಾಜಿ, 'ನನ್ನ ಹೆಸರಿನಿಂದಲೇ ನನ್ನ ಮಗಳು ಸತ್ತಳು' ಎಂದು ಎಲ್ಲರೆದುರು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡಮೇಲೆ ಸುಣ್ಣದ ಕೇರಿಯವರೆಲ್ಲ ಒಂದೇ ಮಾತಿನ ಹೆಸರಿಗೆ ಇಳಿಯಬೇಕು, ಗೂಡಿನ ಅಂಗಳ ಅಪಾಯದ ಜಾಗವೆಂದು ಸಭೆಯ ವಶಕ್ಕೆ ಬರಬೇಕು. ಚಿಕ್ಕವ್ವ ಒಪ್ಪಿಕೊಳ್ಳಲು ತಯಾರಾಗಿದ್ದಳು. ಅವಳಿಗೆ ಶಿಕ್ಷೆ ಬೇಕಾಗಿತ್ತು. ಯಾರು ಕೊಟ್ಟರೂ ಸರಿ.

ನನಗೆ ನಿದ್ದೆ ಬರಲಿಲ್ಲ, ಊಟ ಸೇರಲಿಲ್ಲ. ಕಂಡವರನ್ನೆಲ್ಲ ಅನುಮಾನಿಸಿದೆ. ಉಪ್ಪಿನ ಕೇರಿಯವನೊಬ್ಬ ಗಡಿಕಲ್ಲಿನ ಆಚೆ ನಿಂತು ತುಟಿ ಆಡಿಸಿದರೆ, ಇವನಿರಬಹುದೇ ಎಂದುಕೊಂಡೆ. ನಮ್ಮ ಕೇರಿಯೊಳಗೇ ಯಾರೋ ದುಡ್ಡಿಗೆ ಬಿದ್ದಿರಬಹುದೇ ಎಂದು ನೆರೆಯವರ ಮನೆಯ ಹೊಗೆಯನ್ನೂ ನೋಡಿದೆ. ಗುರುಸಿದ್ದನನ್ನೂ ಬಿಡಲಿಲ್ಲ. ಅವನು ನನ್ನ ನೋಟ ಕಂಡು, "ನನ್ನ ಮೇಲೂ ಐತಾ ಕಣ್ಣು? ನೋಡು ತಾಯಿ, ಚೆನ್ನಾಗಿ ನೋಡು. ಆದ್ರೆ ನಮ್ಮೋನು ಯಾವನಾದ್ರೂ ಆ ಮುದುಕೀನ ಹೆಸ್ರಿಗೆ ಕಟ್ತಾನಾ? ನಾಲ್ಗೆ ಹೊರಳುತ್ತಾ ಅವನ್ಗೆ?" ಎಂದ. ಆಗ ನನ್ನ ತಲೆಯಲ್ಲಿ ಏನೋ ಬಂದು ಸರಿಯಾಗಿ ಕೂತಿತು. ನಮ್ಮ ಸತ್ತವರ ಹೆಸರೆಲ್ಲ ಗೊತ್ತಿದ್ದು, ಬದುಕಿರುವವರನ್ನು ಬಿಡಬೇಕೆಂಬುದು ಗೊತ್ತಿಲ್ಲದವರು ಈ ಊರಿನಲ್ಲಿ ಎಷ್ಟು ಮಂದಿ?

ವಿಚಾರಣೆಯ ದಿನ ಸುಣ್ಣದ ಕೇರಿಗೆ ಕೇರಿಯೇ ಸಭಾಂಗಣದ ನೆಲದ ಮೇಲೆ ಕುಳಿತಿತು. ಬೆಂಚುಗಳ ಮೇಲೆ ಜವಳಿ ಬೀದಿಯವರು, ಸಭೆಯ ಬೀದಿಯವರು. ಅಧ್ಯಕ್ಷ ನರಸಪ್ಪನವರ ಕುರ್ಚಿಯ ಹಿಂದಿನ ಗೋಡೆಗೆ ಸಭೆಯ ಬಾಯಿ, ನಮ್ಮದಕ್ಕಿಂತ ದೊಡ್ಡದು, ಬೆಳಗಿದ್ದು. ಚಿಕ್ಕವ್ವನನ್ನು ಮುಂದೆ ನಿಲ್ಲಿಸಿದ್ದರು. ಬೋರಾಜಿ ಎದ್ದು ಕೂಗಾಡದಂತೆ ಗುರುಸಿದ್ದನ ತಾಯಿ ಕಾಳವ್ವ ಅವಳ ಸೆರಗು ಹಿಡಿದುಕೊಂಡಿದ್ದಳು.

ನಾನು ಎದ್ದು ನಿಂತೆ. "ಮೇಲ್ವಿಚಾರಕರನ್ನ ಒಂದು ಮಾತು ಕೇಳ್ಬೋದಾ?"

"ಕೇಳಮ್ಮ, ಕೇಳು" ಎಂದರು ನರಸಪ್ಪನವರು, ದಾನ ಕೊಡುವವರ ಹಾಗೆ.

"ಅಯ್ಯಾ, ನಮ್ಮ ಹೆಸರು ಕಲಿಯೋಕೆ ಅಂತ ನಮ್ಮನೇಗೆ ಬಂದಿದ್ರಿ. ಕಲಿತ್ರಾ?"

ಪದ್ಮನಾಭಯ್ಯನ ಮುಖ ಅರಳಿತು. "ಒಂದೊಂದೂ ಬಾಯಿಪಾಠ! ನಿಮ್ಮ ಕೇರಿ ಮಕ್ಕಳಿಗೂ ಅಷ್ಟು ಬರಲಿಕ್ಕಿಲ್ಲ. ಎಲ್ಲ ನಿಮ್ಮ ಅನುಕೂಲಕ್ಕೇ ತಾನೇ."

"ಹಂಗಾದ್ರೆ ನಿಂಗಾಜೀದು ಬೇಡ, ಅದು ಪೆಟ್ಟಿಗೇನೇ ಹೇಳ್ತು. ನಮ್ಮ ಗುರುಸಿದ್ದಂದು ಹೇಳಿ ನೋಡಾನ."

ಅವನು ಕಣ್ಣು ಮುಚ್ಚಿ, ಒಪ್ಪಿಸುವ ಹುಡುಗನಂತೆ ಹೇಳಿದ. "ಸುಣ್ಣದ ಕೇರಿಯ ದ್ಯಾವಿ, ದ್ಯಾವಿಯ ಮಗಳು ಕುಂಟಿ, ಕುಂಟಿಯ ಮಗಳು ಹೊನ್ನಾಜಿ, ಹೊನ್ನಾಜಿಯ ಮಗಳು ಕಾಳವ್ವ, ಕಾಳವ್ವನ ಮಗ ಗುರುಸಿದ್ದ."

ಕಾಳವ್ವ ಬೋರಾಜಿಯ ಸೆರಗು ಬಿಟ್ಟಳು. ಇಬ್ಬರು ಮುದುಕಿಯರೂ ಒಟ್ಟಿಗೆ ಎದ್ದರು.

"ಏ ಅಪ್ಪಾ, ಇಲ್ಲಿ ನೋಡು, ನಾನೇ ಕಾಳವ್ವ!"

"ನಾನ್ ಬೋರಾಜಿ ಕಣಪ್ಪ! ಇನ್ನೂ ಹಲ್ಲವೆ, ಬೇಕಾದ್ರೆ ಕಚ್ಚಿ ತೋರಿಸ್ತೀನಿ! ಬದುಕಿರೋರ್ನ ಹೆಸ್ರಿಗೆ ಕಟ್ಟೋ ಪಾಪಿ ನಮ್ಮ ಕೇರೀಲಿ ಹುಟ್ಟಿಲ್ಲ. ನನ್ನ ಸಾಯಿಸ್ದೋನು ನೀನೇ ಏನ್ಲಾ?"

ಬೆಂಚಿನವರಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. ನಮ್ಮಲ್ಲಿ ಬದುಕಿರುವ ತಾಯಿಯನ್ನು ಹೇಳುವುದಿಲ್ಲ. ಪೆಟ್ಟಿಗೆ ಕೇಳಿಸಿದ ಹೆಸರಿನಲ್ಲಿ ಬೋರಾಜಿ ಇದ್ದಾಳೆ. ಅದೇ ತಪ್ಪನ್ನು ಈಗ ನಿಮ್ಮೆದುರು ಮಾಡಿದವರು ಒಬ್ಬರೇ. ನಮ್ಮ ಚಿಕ್ಕವ್ವ ಹೇಳಿದ್ದು ಬೇರೆ, ಅದರಿಂದ ಪೆಟ್ಟಿಗೆ ಮೂಕಾಯಿತು ಅಷ್ಟೆ. ಅದನ್ನು ಎಬ್ಬಿಸುವಾಗ ಮೂಕಾಗಿಸಿದ್ದು ಯಾರ ಹೆಸರೆಂದು ತಿಳಿದುಕೊಂಡು, ಆ ಹೆಸರಿನ ಹಿಂದೆ ಅಡಗಿ ತೂಬು ಎತ್ತಿಸಿದವನು ಬೇರೆ. ಚಿಕ್ಕವ್ವ ತಲೆಯೆತ್ತಿ ಮೊದಲ ಬಾರಿಗೆ ನನ್ನ ಕಡೆ ನೋಡಿದಳು. ಪದ್ಮನಾಭಯ್ಯನ ಕೈ ತನ್ನಷ್ಟಕ್ಕೇ ಅಂಗಿಯ ಗುಂಡಿಯನ್ನು ತಿರುವುತ್ತಿತ್ತು.

ನರಸಪ್ಪನವರು ಗಂಟಲು ಸರಿಮಾಡಿಕೊಂಡರು. "ನೋಡಮ್ಮ, ಹೆಸರು ತಪ್ಪಾಗಿ ಕಲಿಯೋದು ಅಪರಾಧ ಅಲ್ಲ. ನಿಮ್ಮ ಪದ್ಧತಿ ನಿಮ್ಮ ಮನೇದು, ಅದು ಸಾಕ್ಷಿ ಆಗಲ್ಲ. ಸಂಕಟದಲ್ಲಿ ಆಕೆ ಏನಂದಳೋ ಆಕೆಗೇ ನೆನಪಿಲ್ಲ. ಈ ಚರ್ಚೆ ಇಲ್ಲಿಗೆ ಸಾಕು. ತೀರ್ಮಾನವನ್ನ ನಾಳೆ ಎಲ್ಲ ಕೇರಿಗಳಿಗೂ ಕೇಳಿಸ್ತೀವಿ."

ನಾಳೆ ಕೇಳಿಸುವುದು ಏನೆಂದು ನನಗೆ ಗೊತ್ತಿತ್ತು. ಇಲ್ಲಿ ನಡೆದದ್ದು ಸಭೆಯ ಬೀದಿಯ ಕಲ್ಲು ದಾಟುವುದಿಲ್ಲ, ದಾಟುವುದು ತಗಡಿನ ದನಿಯ ಪ್ರಕಟಣೆ ಮಾತ್ರ. ಒಂದು ವಾರ ಕಳೆದರೆ ಉಪ್ಪಿನ ಕೇರಿಯಲ್ಲೂ ಬಳೆಗಾರ ಕೇರಿಯಲ್ಲೂ ನಿಂಗಾಜಿ ಮಗಳನ್ನು ಕೊಂದವಳಾಗಿರುತ್ತಾಳೆ. ನಾನು ಕುರ್ಚಿಯ ಹಿಂದಕ್ಕೆ ನಡೆದೆ. ಅಳಗುಳಿಮಣೆಯ ಬೀಜ ಉರುಳಿದ್ದು ಕಣ್ಣ ಮುಂದಿತ್ತು. ಸಭೆಯ ಬಾಯಿಗೆ ಮುಖವಿಟ್ಟು, ಯಾರಾದರೂ ನನ್ನನ್ನು ಹಿಡಿಯುವ ಮೊದಲು, ಹಲಗಿಯಿಂದ ಸಾಕಿಯವರೆಗೆ ನನ್ನ ತಾಯಂದಿರನ್ನೆಲ್ಲ ಹೇಳಿ, ದೇವೀರಿ ಎಂದು ಹೇಳಿ, ಉಸಿರು ಬಿಡದೆ ಸೇರಿಸಿದೆ: "ಎಲ್ಲ ಕೇರಿಗಳ ಬಾಯಿ ತೆರೆ."

ಪಕ್ಕದ ತಂತಿಮನೆಯಲ್ಲಿ ಕಬ್ಬಿಣದ ಪೆಟ್ಟಿಗೆ ಒಮ್ಮೆ ಗುಡುಗಿದಂತಾಯಿತು. ಕೊಳವೆಯಿಂದ ಊರಿನ ಸದ್ದು ನುಗ್ಗಿ ಬಂತು. ಯಾರದೋ ಮನೆಯ ಒಗ್ಗರಣೆ, ಯಾವುದೋ ಕೇರಿಯ ಮಗುವಿನ ಅಳು, ಬೀಸುವ ಕಲ್ಲು. ಆ ಕಡೆ ಅವರಿಗೂ ನಾವು ಕೇಳಿಸತೊಡಗಿದ್ದೆವು.

ಸಿಟ್ಟಿನಲ್ಲಿ ಪದ್ಮನಾಭಯ್ಯನ ತಲೆಗೆ ಅದು ಹೋಗಲಿಲ್ಲ. ಪೆಟ್ಟಿಗೆ ತನ್ನ ಕೈ ಬಿಟ್ಟಿತೆಂಬುದಷ್ಟೇ ಅವನಿಗೆ ಗೊತ್ತಾದದ್ದು. "ನೋಡಿದ್ರಾ!" ಎಂದು ಅಧ್ಯಕ್ಷರ ಮೇಲೆ ಹರಿಹಾಯ್ದ. "ಬಡ್ಕೊಂಡೆ, ಸರಿ ಮಾಡಿಸಿ ಅಂತ ಬಡ್ಕೊಂಡೆ. ಆ ಕಂಪನಿ ಹುಡುಗಿ ತಂದಿದ್ಲು, ವಾಪಸ್ ಕಳಿಸಿದ್ರಿ. ಹೀಗೇ ಇರಲಿ, ಉಪಯೋಗಕ್ಕೆ ಬರುತ್ತೆ ಅಂದ್ರಿ. ಈಗ ಬೀದಿಬೀದಿ ಹೆಂಗಸ್ರು ಅಪ್ಪಣೆ ಕೊಡ್ತಾರೆ!"

"ಬಾಯ್ಮುಚ್ಚಯ್ಯಾ! ತೂಬು ಎತ್ತಿಸಿದ್ದು ನಾನಾ?"

"ಎತ್ತು ಅಂದಿದ್ದು ಯಾರು? ಊಟದ ಹೊತ್ತು, ಅಂಗಳದಲ್ಲಿ ನರಪಿಳ್ಳೆ ಇರಲ್ಲ, ಸುಣ್ಣ ನೆಂದು ಹಾಳಾಗುತ್ತೆ ಅಷ್ಟೆ ಅಂತ ಹೇಳಿದ್ದು ಯಾರು? ಅಲ್ಲಿ ಒಂದು ಹೆಣ್ಣುಮಗು ಇದೆ ಅಂತ ನನಗೆ ಗೊತ್ತಿದ್ರೆ..." ಅವನು ಅಲ್ಲೇ ತಡೆದ. ಕೊಳವೆಯೊಳಗಿನ ಒಗ್ಗರಣೆಯ ಸದ್ದು ನಿಂತುಹೋಗಿತ್ತು. ಬೀಸುವ ಕಲ್ಲೂ ನಿಂತಿತ್ತು. ಅವನು ಕೊಳವೆಯನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ನೆಲದ ಮೇಲೆ ಕುಕ್ಕರಿಸಿ ಎರಡೂ ಕೈಯಿಂದ ತಲೆ ಹಿಡಿದುಕೊಂಡ.

ನರಸಪ್ಪನವರು ಏಳಲಿಲ್ಲ. ಮೈಮೇಲಿನ ಶಲ್ಯವನ್ನು ಸರಿಮಾಡಿಕೊಳ್ಳುತ್ತಲೇ ಇದ್ದರು. ಕೊಳವೆಯ ಆಚೆಯಿಂದ ಯಾರೋ, ಯಾವ ಕೇರಿಯೋ, "ಹೇಳಿ ಯಜಮಾನ್ರೇ, ಕೇಳಿಸ್ಕೋತಾ ಇದೀವಿ" ಎಂದರು. ತಗಡಿನ ದನಿ. ಗಂಡಸೋ ಹೆಂಗಸೋ ತಿಳಿಯಲಿಲ್ಲ.

ಆಗ ಚಿಕ್ಕವ್ವ ಬಂದಳು. ಯಾರೂ ಅವಳನ್ನು ತಡೆಯಲಿಲ್ಲ. ನನ್ನ ಹೆಗಲು ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿ ಬಾಯಿಯ ಮುಂದೆ ನಿಂತಳು. ಎಷ್ಟೋ ದಿನದಿಂದ ಹೇಳದಿದ್ದ ಹೆಸರು. ಬಾಯಿ ತೆರೆದವಳು ತಿರುಗಿ ತಾಯಿಯನ್ನು ನೋಡಿದಳು. ಬೋರಾಜಿ ಕೆಳಗಿನಿಂದ, "ಹೇಳು ಮಗ, ಹಲಗಿ ಅನ್ನು" ಎಂದಳು.

"ಸುಣ್ಣದ ಕೇರಿಯ ಹಲಗಿ" ಎಂದಳು ಚಿಕ್ಕವ್ವ. "ಹಲಗಿಯ ಮಗಳು ತಿಮ್ಮಿ. ತಿಮ್ಮಿಯ ಮಗಳು ಮುದ್ದಾಜಿ. ಮುದ್ದಾಜಿಯ ಮನೆಯ ನಿಂಗಾಜಿ."

ಇಲ್ಲಿಗೆ ಅವಳ ಹೆಸರು ಮುಗಿಯಬೇಕು. ಇದರ ಮುಂದೆ ಏನು ಬಿದ್ದರೂ ಪೆಟ್ಟಿಗೆ ಅದನ್ನು ಅಪ್ಪಣೆಯೆಂದು ತಿಳಿಯುತ್ತದೆ. ಸಂತೆಯ ಗೇಟು ಮುಚ್ಚು ಎಂದಿದ್ದರೆ ಮುಚ್ಚುತ್ತಿತ್ತು, ಸಭೆಯ ಬೀದಿಗೆ ತೂಬು ಎತ್ತು ಎಂದಿದ್ದರೆ ಎತ್ತುತ್ತಿತ್ತು. ನರಸಪ್ಪನವರ ಕೈ ಶಲ್ಯದ ಮೇಲೆಯೇ ನಿಂತಿತು. ಮದುವೆಯಾಗದೆ, ಮಕ್ಕಳಿಲ್ಲದೆ ಸತ್ತ ಹುಡುಗಿಯನ್ನು ನಮ್ಮಲ್ಲಿ ಯಾರ ಹೆಸರೂ ಹೊರುವುದಿಲ್ಲ. ಹೊರಲು ಅವಳ ಕೆಳಗೆ ಯಾರೂ ಇರುವುದಿಲ್ಲ.

"ನಿಂಗಾಜಿಯ ಮಗಳು ಮಲ್ಲಾಜಿ" ಎಂದಳು ಚಿಕ್ಕವ್ವ.

ಪೆಟ್ಟಿಗೆ ಮೂಕಾಯಿತು. ಊರಿನ ಎಲ್ಲ ಬಾಯಿಗಳೂ ಒಟ್ಟಿಗೆ ನಿಂತವು. ತಂತಿಮನೆಯ ಬಾಗಿಲು ತೆರೆದೇ ಇತ್ತು. ಅದನ್ನು ಎಬ್ಬಿಸಲು ಅಂದು ಯಾರೂ ಒಳಗೆ ಹೋಗಲಿಲ್ಲ.